ಕರುಳಿನ ದಾರಿ ಬದಲಾದಾಗ ರಕ್ತದ ಸಕ್ಕರೆ

ಮಧುಮೇಹವು ಒಮ್ಮೆ ಮೈಹೊಕ್ಕರೆ ಮತ್ತೆ ಬಿಟ್ಟುಹೋಗುವ ರೋಗವಲ್ಲವೆಂಬುದು ಜನಜನಿತವಾದ ಮಾತು. ವೈದ್ಯರೂ ಬಹುಕಾಲ ಇದನ್ನೇ ಹೇಳುತ್ತ ಬಂದರು. ಪಥ್ಯ, ವ್ಯಾಯಾಮ, ಗುಳಿಗೆ, ಕೊನೆಗೆ ಇನ್ಸುಲಿನ್ ಚುಚ್ಚುಮದ್ದು ಇವೆಲ್ಲ ರೋಗವನ್ನು ಹದ್ದಿನಲ್ಲಿಡುವ ಸಾಧನಗಳೇ ಹೊರತು ಅದನ್ನು ಹಿಮ್ಮೆಟ್ಟಿಸುವ ಸಾಧನಗಳಲ್ಲವೆಂದು ತಿಳಿಯಲಾಗಿದ್ದಿತು. ವರ್ಷಗಳು ಕಳೆದಂತೆ ಗುಳಿಗೆಗಳ ಸಂಖ್ಯೆ ಏರುವುದೇ ವಿನಾ ಇಳಿಯುವುದನ್ನು ಕಂಡವರು ವಿರಳ.

ಹೀಗಿರಲು, ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಶಸ್ತ್ರವೈದ್ಯರ ಕಣ್ಣಿಗೆ ಒಂದು ಸೋಜಿಗ ಬಿದ್ದಿತು. ಅತಿಯಾದ ಬೊಜ್ಜನ್ನು ಇಳಿಸುವ ಸಲುವಾಗಿ ಜಠರ ಮತ್ತು ಕರುಳುಗಳ ಮೇಲೆ ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ಮಧುಮೇಹಿಗಳೂ ಇದ್ದರು. ಅವರಲ್ಲಿ ಬಹುಮಂದಿಯ ರಕ್ತದ ಸಕ್ಕರೆ ಸಹಜಸ್ಥಿತಿಗೆ ಇಳಿಯಿತು. ಮೈಯ ತೂಕ ತಗ್ಗಿದರೆ ಮಧುಮೇಹವೂ ತಗ್ಗುವುದು ಹೊಸ ಸಂಗತಿಯೇನೂ ಅಲ್ಲ. ಆದರೆ ತೂಕ ಇಳಿಯುವುದಕ್ಕೆ ತಿಂಗಳುಗಳು ಬೇಕು. ಸಕ್ಕರೆಯಾದರೋ ಕೆಲವೇ ದಿನಗಳಲ್ಲಿ ಇಳಿದಿದ್ದಿತು. ಮೈ ಕರಗುವ ಮುನ್ನವೇ ರೋಗ ಹಿಂದೆ ಸರಿದುದು ಹೇಗೆ? ಈ ಪ್ರಶ್ನೆಯ ಬೆನ್ನುಹತ್ತಿ ಹೋದ ವಿಜ್ಞಾನಿಗಳು ಮಧುಮೇಹವನ್ನು ಕುರಿತ ನಮ್ಮ ತಿಳಿವಳಿಕೆಯನ್ನೇ ಬಹುಮಟ್ಟಿಗೆ ಬದಲಾಯಿಸಿದ್ದಾರೆ. ಆ ಕಥೆಯನ್ನು ನಾವು ಇಲ್ಲಿ ಸಂಗ್ರಹವಾಗಿ ವಿಚಾರಮಾಡುವೆವು.

ರಕ್ತದಲ್ಲಿ ಒಂದು ಚಮಚೆ ಸಕ್ಕರೆ

ವಯಸ್ಕನಾದ ಮನುಷ್ಯನ ದೇಹದಲ್ಲಿ ಸುಮಾರು ೫ ಲೀಟರ್ ರಕ್ತವಿರುವುದು. ಆರೋಗ್ಯವಂತನ ರಕ್ತವನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ಪರೀಕ್ಷಿಸಿದರೆ ಪ್ರತಿ ೧೦೦ ಮಿಲಿಲೀಟರಿನಲ್ಲಿ ೭೦ರಿಂದ ೧೦೦ ಮಿಲಿಗ್ರಾಂ ಗ್ಲೂಕೋಸ್ ಕಂಡುಬರುವುದು. ಈ ಲೆಕ್ಕದಂತೆ ಇಡೀ ದೇಹದ ರಕ್ತದಲ್ಲಿರುವ ಗ್ಲೂಕೋಸನ್ನೆಲ್ಲ ಒಟ್ಟುಗೂಡಿಸಿದರೂ ೫ ಗ್ರಾಂ ಮೀರದು. ಅಂದರೆ ಒಂದು ಸಣ್ಣ ಚಮಚೆಯಷ್ಟು. ನಾವು ಒಂದು ಹೊತ್ತು ಉಣ್ಣುವ ಅನ್ನದಲ್ಲಿಯೋ ರಾಗಿಮುದ್ದೆಯಲ್ಲಿಯೋ ಇರುವ ಪಿಷ್ಟವೆಲ್ಲ ಜೀರ್ಣವಾದಾಗ ಇದರ ಹತ್ತು ಮಡಿಗೂ ಹೆಚ್ಚಿನ ಗ್ಲೂಕೋಸ್ ರಕ್ತಕ್ಕೆ ಬಂದು ಸೇರುವುದು. ಆದರೂ ಆರೋಗ್ಯವಂತನಲ್ಲಿ ಊಟವಾದ ಎರಡು ಗಂಟೆಗಳ ಹೊತ್ತಿಗೆ ರಕ್ತದ ಸಕ್ಕರೆ ಸಾಮಾನ್ಯವಾಗಿ ೧೪೦ ಮಿಲಿಗ್ರಾಮಿನ ಒಳಗೇ ಇರುವುದು. ಬಂದ ಗ್ಲೂಕೋಸನ್ನು ಸ್ನಾಯುಗಳು ಹೀರಿಕೊಳ್ಳುವುವು. ಯಕೃತ್ತು, ಎಂದರೆ ಪಿತ್ತಜನಕಾಂಗವು, ಅದನ್ನು ಕೂಡಿಟ್ಟುಕೊಳ್ಳುವುದು. ಊಟವಿಲ್ಲದ ಹೊತ್ತಿನಲ್ಲಿ ಯಕೃತ್ತೇ ಮತ್ತೆ ಸ್ವಲ್ಪಸ್ವಲ್ಪವಾಗಿ ಗ್ಲೂಕೋಸನ್ನು ರಕ್ತಕ್ಕೆ ಬಿಟ್ಟು, ಮಿದುಳು ಮೊದಲಾದ ಅಂಗಗಳಿಗೆ ಕೊರತೆಯಾಗದಂತೆ ನೋಡಿಕೊಳ್ಳುವುದು.

ಈ ವ್ಯವಹಾರವನ್ನು ನಡೆಸುವ ಮುಖ್ಯ ಅಧಿಕಾರಿ ಇನ್ಸುಲಿನ್. ಇದು ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಹಾರ್ಮೋನು. ೧೮೮೯ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮೇರಿಂಗ್ ಮತ್ತು ಮಿಂಕೋವ್‌ಸ್ಕಿ ಎಂಬ ವಿಜ್ಞಾನಿಗಳು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ತೀವ್ರವಾದ ಮಧುಮೇಹ ಬಂದಿತು. ೧೯೨೧ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಆ ಗ್ರಂಥಿಯಿಂದ ಇನ್ಸುಲಿನನ್ನು ಬೇರ್ಪಡಿಸಿದರು. ಮರುವರ್ಷವೇ ಅದು ರೋಗಿಗಳ ಜೀವವುಳಿಸಿತು. ಅಂದಿನಿಂದ ಮಧುಮೇಹವೆಂದರೆ ಮೇದೋಜೀರಕ ಗ್ರಂಥಿಯ ರೋಗವೆಂಬ ಭಾವನೆ ಬಲವಾಗಿ ಬೇರೂರಿತು.

ಮಧುಮೇಹದಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯ ಬಗೆಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳೇ ನಾಶವಾಗಿರುವುವು. ಹೆಚ್ಚು ಮಂದಿಯನ್ನು ಕಾಡುವ ಎರಡನೆಯ ಬಗೆಯಲ್ಲಿ ಇನ್ಸುಲಿನ್ ಇದ್ದರೂ ಯಕೃತ್ತು, ಸ್ನಾಯುಗಳು ಅದರ ಮಾತಿಗೆ ಕಿವಿಗೊಡುವುದಿಲ್ಲ. ಅವುಗಳ ಮೊಂಡುತನವನ್ನು ಮೀರಲು ಗ್ರಂಥಿಯು ಹೆಚ್ಚುಹೆಚ್ಚು ಇನ್ಸುಲಿನ್ ಸುರಿಸಿ ಕಡೆಗೆ ತಾನೇ ದಣಿಯುವುದು. ಬರಿಹೊಟ್ಟೆಯ ಸಕ್ಕರೆ ೧೨೬ ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಾಗಿದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಕಂಡರೆ ಮಧುಮೇಹವೆಂದು ನಿರ್ಣಯಿಸುವರು. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಎರಡನೆಯ ಬಗೆಯ ವಿಚಾರವನ್ನೇ.

ಕರುಳೂ ಒಂದು ಗ್ರಂಥಿ

ಕರುಳೆಂದರೆ ಅನ್ನವನ್ನು ಅರಗಿಸಿ ಸಾಗಿಸುವ ಒಂದು ಕೊಳವೆಯೆಂದು ಸಾಮಾನ್ಯರ ಎಣಿಕೆ. ಅದು ಅಷ್ಟೇ ಅಲ್ಲವೆಂಬುದಕ್ಕೆ ೧೯೦೨ರಲ್ಲಿಯೇ ಪ್ರಮಾಣ ದೊರೆತಿದ್ದಿತು. ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯ ಕರುಳಿನ ಒಂದು ಸುತ್ತಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಆ ಸುತ್ತಿನೊಳಕ್ಕೆ ಆಮ್ಲವನ್ನು ಹಾಕಿದರು. ನರಗಳ ಸಂಪರ್ಕವಿಲ್ಲದಿದ್ದರೂ ದೂರದ ಮೇದೋಜೀರಕ ಗ್ರಂಥಿಯು ಜೀರ್ಣರಸವನ್ನು ಸುರಿಸಿತು! ಸುದ್ದಿ ತಲುಪಿದುದು ರಕ್ತದ ಮೂಲಕ. ಕರುಳಿನ ಒಳಪೊರೆಯಲ್ಲಿ ಹುಟ್ಟಿದ ವಸ್ತುವೊಂದು ರಕ್ತದಲ್ಲಿ ಹರಿದುಹೋಗಿ ಗ್ರಂಥಿಯನ್ನು ಎಚ್ಚರಿಸಿದ್ದಿತು. ಇಂಥ ರಾಸಾಯನಿಕ ದೂತರಿಗೆ ಸ್ಟಾರ್ಲಿಂಗ್ ೧೯೦೫ರಲ್ಲಿ ‘ಹಾರ್ಮೋನು’ ಎಂಬ ಹೆಸರನ್ನು ಬಳಸಿದನು. ಆ ಹೆಸರನ್ನು ಮೊದಲು ಪಡೆದ ವಸ್ತು ಹುಟ್ಟಿದ್ದು ಕರುಳಿನಲ್ಲಿಯೇ ಎಂಬುದನ್ನು ನೆನಪಿಡಬೇಕು.

ಕರುಳು ಇನ್ಸುಲಿನ್ ಸ್ರಾವವನ್ನೂ ಪ್ರಚೋದಿಸಬಹುದೆಂದು ಕೆಲವರು ಊಹಿಸಿದ್ದರು. ಆದರೆ ರಕ್ತದಲ್ಲಿನ ಇನ್ಸುಲಿನನ್ನು ಅಳೆಯುವ ಸೂಕ್ಷ್ಮವಾದ ಕ್ರಮ ಬರುವವರೆಗೆ ಅದನ್ನು ಸ್ಥಾಪಿಸುವುದು ಸಾಧ್ಯವಾಗಲಿಲ್ಲ. ೧೯೬೪ರಲ್ಲಿ ಲಂಡನ್ನಿನ ಮ್ಯಾಕಿಂಟೈರ್ ಮತ್ತು ಸಂಗಡಿಗರು ಗ್ಲೂಕೋಸನ್ನು ಒಮ್ಮೆ ನೇರವಾಗಿ ರಕ್ತನಾಳಕ್ಕೂ ಇನ್ನೊಮ್ಮೆ ನಳಿಕೆಯ ಮೂಲಕ ಸಣ್ಣ ಕರುಳಿಗೂ ಕೊಟ್ಟು ನೋಡಿದರು. ರಕ್ತನಾಳಕ್ಕೆ ಕೊಟ್ಟಾಗ ರಕ್ತದ ಸಕ್ಕರೆ ಹೆಚ್ಚು ಏರಿದುದರಿಂದ ಇನ್ಸುಲಿನ್ ಕೂಡ ಹೆಚ್ಚು ಬರಬೇಕಾಗಿದ್ದಿತು. ಆದದ್ದು ಇದಕ್ಕೆ ವಿರುದ್ಧ. ಕರುಳಿನ ಮೂಲಕ ಬಂದ ಗ್ಲೂಕೋಸಿಗೇ ಗ್ರಂಥಿಯು ಹೆಚ್ಚು ಇನ್ಸುಲಿನ್ ಸುರಿಸಿತು. ಅದೇ ವರ್ಷ ಅಮೆರಿಕದಲ್ಲಿಯೂ ಇಂಥದೇ ಫಲ ಕಂಡುಬಂದಿತು. ಊಟದ ಮನೆಯ ಬಾಗಿಲಲ್ಲಿ ನಿಂತವನು ನೆಂಟರು ಬರುವರೆಂದು ಅಡುಗೆಮನೆಗೆ ಮುಂಚೆಯೇ ಕೂಗಿ ಹೇಳುವಂತೆ, ಕರುಳು ‘ಸಕ್ಕರೆ ಬರುತ್ತಿದೆ’ ಎಂದು ಮೇದೋಜೀರಕಕ್ಕೆ ಮುನ್ಸೂಚನೆ ಕಳುಹಿಸುವುದು.

ಈ ಮುನ್ಸೂಚನೆಯನ್ನು ಒಯ್ಯುವ ಎರಡು ಹಾರ್ಮೋನುಗಳು ಮುಂದೆ ಪತ್ತೆಯಾದುವು. ಒಂದು ಜಿಐಪಿ, ಇದು ಹೆಚ್ಚಾಗಿ ಸಣ್ಣ ಕರುಳಿನ ಮೇಲಿನ ಭಾಗದಲ್ಲಿ ಹುಟ್ಟುವುದು. ಇನ್ನೊಂದು ಜಿಎಲ್‌ಪಿ-೧, ಇದನ್ನು ತಯಾರಿಸುವ ಕೋಶಗಳು ಕರುಳಿನ ಕೆಳಭಾಗದಲ್ಲಿ ದಟ್ಟವಾಗಿರುವುವು. ಆರೋಗ್ಯವಂತನು ಸಕ್ಕರೆಯನ್ನು ಬಾಯಿಂದ ಸೇವಿಸಿದಾಗ ಬರುವ ಇನ್ಸುಲಿನ್ನಿನಲ್ಲಿ ಅರ್ಧ ಅಥವಾ ಅದಕ್ಕೂ ಹೆಚ್ಚಿನ ಪಾಲು ಈ ದೂತರ ಪ್ರೇರಣೆಯದು. ಎರಡನೆಯ ಬಗೆಯ ಮಧುಮೇಹಿಯಲ್ಲಿ ಈ ಪ್ರೇರಣೆ ಬಹಳ ಕುಗ್ಗಿರುವುದು. ಜಿಎಲ್‌ಪಿ-೧ಗೆ ಬೇರೆ ಗುಣಗಳೂ ಉಂಟು. ಅದು ಜಠರದಿಂದ ಆಹಾರ ಹೊರಬೀಳುವುದನ್ನು ನಿಧಾನಗೊಳಿಸುವುದು. ಸಕ್ಕರೆಯನ್ನು ಏರಿಸುವ ಗ್ಲೂಕಗಾನ್ ಎಂಬ ಹಾರ್ಮೋನನ್ನು ಅಡಗಿಸುವುದು. ಹೊಟ್ಟೆ ತುಂಬಿತೆಂಬ ತೃಪ್ತಿಯನ್ನು ಮಿದುಳಿಗೆ ತಿಳಿಸುವುದು.

ಕರುಳನ್ನು ತಿರುಗಿಸುವ ಶಸ್ತ್ರಕ್ರಿಯೆ

ಬೊಜ್ಜಿಗಾಗಿ ಕರುಳನ್ನು ಕತ್ತರಿಸಿ ಜೋಡಿಸುವ ಕ್ರಮ ೧೯೫೦ರ ದಶಕದಲ್ಲಿ ಆರಂಭವಾಯಿತು. ಸಣ್ಣ ಕರುಳಿನ ಬಹುಭಾಗವನ್ನು ಬಿಟ್ಟು ಆಹಾರವನ್ನು ಹಾಯಿಸುವ ಮೊದಲ ವಿಧಾನದಿಂದ ತೂಕವೇನೋ ಇಳಿಯಿತು. ಆದರೆ ರೋಗಿಗಳು ಪೋಷಣೆಯಿಲ್ಲದೆ ನರಳಿದರು, ಯಕೃತ್ತು ಕೆಟ್ಟಿತು. ಆ ವಿಧಾನವನ್ನು ಕೈಬಿಡಬೇಕಾಯಿತು. ೧೯೬೬ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಬೇರೆ ದಾರಿ ಹಿಡಿದನು. ಹುಣ್ಣಿನ ಕಾರಣದಿಂದ ಜಠರದ ಭಾಗವನ್ನು ತೆಗೆಸಿಕೊಂಡವರು ಮತ್ತೆ ಮೈತುಂಬಿಕೊಳ್ಳಲು ಕಷ್ಟಪಡುತ್ತಿದ್ದುದು ಶಸ್ತ್ರವೈದ್ಯರಿಗೆ ತಿಳಿದ ಸಂಗತಿ. ಅದನ್ನೇ ಆಧಾರವಾಗಿಟ್ಟುಕೊಂಡು ಅವನು ರೂಪಿಸಿದುದೇ ಜಠರದ ‘ಬೈಪಾಸ್’ ಶಸ್ತ್ರಕ್ರಿಯೆ. ಮುಂದೆ ಇದು ಸುಧಾರಣೆ ಹೊಂದುತ್ತ ಇಂದಿನ ರೂಪಕ್ಕೆ ಬಂದಿತು.

ಅದರ ಕ್ರಮ ಹೀಗೆ. ಜಠರದ ಮೇಲ್ತುದಿಯಲ್ಲಿ ಸುಮಾರು ೩೦ ಮಿಲಿಲೀಟರ್ ಹಿಡಿಯುವ ಸಣ್ಣ ಚೀಲವೊಂದನ್ನು ಉಳಿಸಿ ಮಿಕ್ಕ ಜಠರದಿಂದ ಅದನ್ನು ಬೇರ್ಪಡಿಸುವರು. ಸಣ್ಣ ಕರುಳನ್ನು ಮೇಲ್ಭಾಗದಲ್ಲಿ ಒಂದು ಕಡೆ ಕತ್ತರಿಸಿ, ಕೆಳಗಿನ ತುಂಡಿನ ಬಾಯನ್ನು ಮೇಲೆಳೆದು ಆ ಸಣ್ಣ ಚೀಲಕ್ಕೆ ಜೋಡಿಸುವರು. ಉಳಿದ ಜಠರ ಮತ್ತು ಡುಯೋಡಿನಮ್ ಎಂಬ ಕರುಳಿನ ಮೊದಲ ಭಾಗ ಇವು ಅನ್ನದ ದಾರಿಯಿಂದ ಹೊರಗುಳಿಯುವುವು. ಆದರೆ ಪಿತ್ತರಸ ಮತ್ತು ಮೇದೋಜೀರಕ ರಸಗಳು ಡುಯೋಡಿನಮಿಗೇ ಬಂದು ಬೀಳುವುದರಿಂದ, ಆ ಮೇಲಿನ ತುಂಡಿನ ಕೊನೆಯನ್ನು ಇನ್ನಷ್ಟು ಕೆಳಗೆ ಕರುಳಿಗೆ ಕೂಡಿಸುವರು. ಹೀಗೆ ಒಂದು ಕವಲಿನಲ್ಲಿ ಅನ್ನ, ಇನ್ನೊಂದು ಕವಲಿನಲ್ಲಿ ಜೀರ್ಣರಸ ಹರಿದು, ಎರಡೂ ಕೆಳಗೆ ಸಂಗಮಿಸುವುವು. ಒಟ್ಟು ಆಕಾರ ಕವೆಗೋಲಿನಂತಿರುವುದು.

ಇನ್ನೊಂದು ಕ್ರಮದಲ್ಲಿ ಕರುಳನ್ನು ಮುಟ್ಟುವುದೇ ಇಲ್ಲ. ಜಠರದ ಉಬ್ಬಿದ ಪಾರ್ಶ್ವವನ್ನು, ಎಂದರೆ ಸುಮಾರು ಮುಕ್ಕಾಲು ಭಾಗವನ್ನು, ಕತ್ತರಿಸಿ ತೆಗೆದು ಬಾಳೆಹಣ್ಣಿನಂಥ ನೀಳವಾದ ಕೊಳವೆಯನ್ನು ಉಳಿಸುವರು. ಇದಕ್ಕೆ ‘ಸ್ಲೀವ್’ ಶಸ್ತ್ರಕ್ರಿಯೆಯೆಂದು ಹೆಸರು. ಇಂದು ಪ್ರಪಂಚದಲ್ಲಿ ಹೆಚ್ಚಾಗಿ ನಡೆಯುತ್ತಿರುವುದು ಇದೇ. ಎರಡನ್ನೂ ಈಗ ಸಾಮಾನ್ಯವಾಗಿ ಹೊಟ್ಟೆಯ ಮೇಲೆ ಕೆಲವು ಸಣ್ಣ ರಂಧ್ರಗಳನ್ನು ಮಾಡಿ ಉಪಕರಣಗಳನ್ನು ತೂರಿಸಿ ಮಾಡುವರು.

ಎಣಿಸದೆ ಬಂದ ಫಲ

ಜಠರದ ಶಸ್ತ್ರಕ್ರಿಯೆಯಿಂದ ಮಧುಮೇಹ ಹಗುರವಾಗುವುದೆಂಬ ಸುಳಿವು ಹಿಂದೆಯೇ ದೊರೆತಿದ್ದಿತು. ೧೯೫೫ರಲ್ಲಿಯೇ ಫ್ರೀಡ್‌ಮನ್ ಮತ್ತು ಸಂಗಡಿಗರು, ಹುಣ್ಣಿಗಾಗಿ ಜಠರದ ಬಹುಭಾಗವನ್ನು ತೆಗೆಸಿಕೊಂಡ ಕೆಲವು ಮಧುಮೇಹಿಗಳ ರೋಗ ತಗ್ಗಿದುದನ್ನು ಪ್ರಕಟಿಸಿದ್ದರು. ಆದರೆ ಆ ವರದಿ ಹೆಚ್ಚು ಮಂದಿಯ ಗಮನ ಸೆಳೆಯಲಿಲ್ಲ.

೧೯೯೫ರಲ್ಲಿ ಅಮೆರಿಕದ ಉತ್ತರ ಕೆರೊಲೈನಾ ಸಂಸ್ಥಾನದ ಶಸ್ತ್ರವೈದ್ಯ ವಾಲ್ಟರ್ ಪೋರೀಸ್ ತನ್ನ ೧೪ ವರ್ಷಗಳ ಅನುಭವದ ಲೆಕ್ಕವನ್ನು ಮುಂದಿಟ್ಟನು. ಬೈಪಾಸ್ ಮಾಡಿಸಿಕೊಂಡ ೬೦೮ ಮಂದಿಯಲ್ಲಿ ೧೪೬ ಮಂದಿ ಮಧುಮೇಹಿಗಳಾಗಿದ್ದರು. ಅವರ ಪೈಕಿ ೧೨೧ ಮಂದಿಯ ರಕ್ತದ ಸಕ್ಕರೆ ಸಹಜವಾಗಿ ನಿಂತಿದ್ದಿತು. ಅನೇಕರಿಗೆ ಶಸ್ತ್ರಕ್ರಿಯೆಯಾದ ಕೆಲವು ದಿನಗಳಲ್ಲಿಯೇ ಇನ್ಸುಲಿನ್ ನಿಲ್ಲಿಸುವುದು ಸಾಧ್ಯವಾಗಿದ್ದಿತು. ತೂಕವಿಳಿಸಲೆಂದು ಮಾಡಿದ ಶಸ್ತ್ರಕ್ರಿಯೆ ಮಧುಮೇಹಕ್ಕೆ ಅಂದಿನ ಔಷಧಗಳೆಲ್ಲಕ್ಕಿಂತ ಮಿಗಿಲಾದ ಚಿಕಿತ್ಸೆಯಾಗಿ ಕಂಡಿತು.

ಇದು ಬರಿಯ ತೂಕದ ಮಹಿಮೆಯೋ ಅಥವಾ ಕರುಳಿನ ದಾರಿ ಬದಲಾದುದರ ಫಲವೋ ಎಂಬುದನ್ನು ತಿಳಿಯಲು ತೆಳ್ಳಗಿರುವ ಮಧುಮೇಹಿಯೇ ಬೇಕು. ಬೊಜ್ಜಿಲ್ಲದೆಯೂ ಹುಟ್ಟಿನಿಂದ ಮಧುಮೇಹಕ್ಕೆ ಗುರಿಯಾಗುವ ಇಲಿಯ ತಳಿಯೊಂದುಂಟು. ೨೦೦೪ರಲ್ಲಿ ಫ್ರಾನ್ಸೆಸ್ಕೊ ರೂಬಿನೊ ಈ ಇಲಿಗಳ ಜಠರವನ್ನು ಹಾಗೆಯೇ ಬಿಟ್ಟು, ಡುಯೋಡಿನಮ್ ಮತ್ತು ಅದರ ಮುಂದಿನ ಸ್ವಲ್ಪ ಕರುಳನ್ನು ಮಾತ್ರ ಅನ್ನದ ದಾರಿಯಿಂದ ಹೊರಗಿಟ್ಟನು. ಇಲಿಗಳ ಮಧುಮೇಹ ಗಣನೀಯವಾಗಿ ಸುಧಾರಿಸಿತು. ಕಡಮೆ ಆಹಾರ ಕೊಟ್ಟು ತೂಕವನ್ನು ಹತೋಟಿಯಲ್ಲಿಟ್ಟ ಬೇರೆ ಇಲಿಗಳಲ್ಲಿ ಅಂಥ ಸುಧಾರಣೆ ಕಾಣಲಿಲ್ಲ. ಮುಂದಿನ ಪ್ರಯೋಗಗಳಲ್ಲಿ ಆ ಭಾಗಕ್ಕೆ ಮತ್ತೆ ಅನ್ನ ಹರಿಯುವಂತೆ ಮಾಡಿದಾಗ ಮಧುಮೇಹವೂ ಮರಳಿತು. ಈ ಪ್ರಯೋಗ ನಡೆದುದು ಸ್ಟ್ರಾಸ್‌ಬರ್ಗಿನಲ್ಲಿ. ಮಧುಮೇಹದ ಬೇರು ಮೇದೋಜೀರಕದಲ್ಲಿದೆಯೆಂದು ೧೮೮೯ರಲ್ಲಿ ತೋರಿಸಿಕೊಟ್ಟ ನಗರವೇ, ಕರುಳನ್ನೂ ಮರೆಯಬೇಡಿರೆಂದು ೧೧೫ ವರ್ಷಗಳ ತರುವಾಯ ಹೇಳಿದಂತಾಯಿತು.

ಸಕ್ಕರೆ ಇಳಿಯುವ ಬಗೆ

ಇಂದು ತಿಳಿದಿರುವಂತೆ ಸಕ್ಕರೆ ಇಳಿಯುವುದಕ್ಕೆ ಒಂದೇ ಕಾರಣವಿಲ್ಲ. ಹಲವು ಕಾರಣಗಳು ಒಂದರ ಹಿಂದೊಂದು ಕೂಡಿಬರುವುವು.

ಮೊದಲನೆಯದು ಉಪವಾಸ. ಶಸ್ತ್ರಕ್ರಿಯೆಯಾದ ಮೊದಲ ವಾರದಲ್ಲಿ ರೋಗಿಯು ಗುಟುಕುಗುಟುಕಾಗಿ ದ್ರವಾಹಾರವನ್ನಷ್ಟೇ ಸೇವಿಸಬಲ್ಲನು. ಹೊರಗಿನಿಂದ ಆಹಾರ ಬಾರದಿದ್ದಾಗ ದೇಹವು ಯಕೃತ್ತಿನಲ್ಲಿ ಸೇರಿಕೊಂಡಿರುವ ಕೊಬ್ಬನ್ನೂ ಖರ್ಚುಮಾಡುವುದು. ಆ ಕೊಬ್ಬು ಕರಗಿದೊಡನೆ ಯಕೃತ್ತು ಮತ್ತೆ ಇನ್ಸುಲಿನ್ನಿನ ಮಾತು ಕೇಳತೊಡಗುವುದು. ರಾತ್ರಿಯೆಲ್ಲ ಅನಾವಶ್ಯಕವಾಗಿ ರಕ್ತಕ್ಕೆ ಗ್ಲೂಕೋಸ್ ಸುರಿಯುವುದನ್ನು ನಿಲ್ಲಿಸುವುದು. ಬರಿಹೊಟ್ಟೆಯ ಸಕ್ಕರೆ ದಿನಗಳಲ್ಲಿಯೇ ಇಳಿಯುವುದರ ಗುಟ್ಟು ಬಹುಪಾಲು ಇದೇ.

ಎರಡನೆಯದು ಕೆಳಗರುಳಿನ ಕೂಗು. ಸಹಜವಾಗಿ ಆಹಾರವು ಜಠರದಲ್ಲಿ ತಂಗಿ, ಸ್ವಲ್ಪಸ್ವಲ್ಪವಾಗಿ ಇಳಿದು, ಬಹುಮಟ್ಟಿಗೆ ಮೇಲಿನ ಕರುಳಿನಲ್ಲಿಯೇ ಅರಗಿಹೋಗುವುದು. ಬೈಪಾಸ್ ಆದವನಲ್ಲಿ ತಂಗುದಾಣವಿಲ್ಲದ ಕಾರಣ ಆಹಾರವು ಬೇಗನೆ ಕೆಳಗಿಳಿಯುವುದು. ಅಲ್ಲಿ ದಟ್ಟವಾಗಿರುವ ಕೋಶಗಳು ಹಿಂದಿಗಿಂತ ಅನೇಕ ಮಡಿ ಜಿಎಲ್‌ಪಿ-೧ ಹಾರ್ಮೋನನ್ನು ಊಟವಾದೊಡನೆ ಬಿಡುಗಡೆ ಮಾಡುವುವು. ದಣಿದ ಮೇದೋಜೀರಕವು ಊಟಕ್ಕೆ ತಕ್ಕ ಹೊತ್ತಿನಲ್ಲಿ ಇನ್ಸುಲಿನ್ ಸುರಿಸಲು ಮತ್ತೆ ಸಮರ್ಥವಾಗುವುದು. ಇಂಥ ರೋಗಿಗಳಿಗೆ ಜಿಎಲ್‌ಪಿ-೧ರ ಕೆಲಸವನ್ನು ತಡೆಯುವ ವಸ್ತುವನ್ನು ಕೊಟ್ಟು ನೋಡಿದಾಗ ಊಟದ ನಂತರದ ಇನ್ಸುಲಿನ್ ಕುಗ್ಗಿತು. ಆದ ಕಾರಣ ಈ ಹಾರ್ಮೋನಿನ ಪಾತ್ರ ಬರಿಯ ಊಹೆಯಲ್ಲ.

ಮೂರನೆಯದು ಡುಯೋಡಿನಮಿನ ಮೌನ. ಅನ್ನದ ಸಂಪರ್ಕವಾದಾಗ ಈ ಭಾಗವು ಇನ್ಸುಲಿನ್ನಿಗೆ ಅಡ್ಡಿಯಾಗುವ ಯಾವುದೋ ಸೂಚನೆಯನ್ನು ಕಳುಹಿಸುವುದೆಂದೂ, ಬೈಪಾಸಿನಿಂದ ಅದು ನಿಲ್ಲುವುದೆಂದೂ ರೂಬಿನೊ ಮೊದಲಾದವರ ಅಭಿಪ್ರಾಯ. ಇಲಿಗಳಲ್ಲಿ ಕಂಡ ಫಲ ಇದಕ್ಕೆ ಪೋಷಕವಾಗಿದೆ. ಆದರೆ ಡುಯೋಡಿನಮನ್ನು ಮುಟ್ಟದ ಸ್ಲೀವ್ ಕ್ರಮದಿಂದಲೂ ಮಧುಮೇಹ ಇಳಿಯುವುದರಿಂದ ಇದೊಂದೇ ಪೂರ್ಣ ಸಮಾಧಾನವಾಗಲಾರದು.

ಇವುಗಳ ಜೊತೆಗೆ ಪಿತ್ತರಸದ ಆಮ್ಲಗಳೂ ಕರುಳಿನ ಸೂಕ್ಷ್ಮಜೀವಿಗಳೂ ಪಾಲುಗೊಳ್ಳುವುವು. ಪಿತ್ತಾಮ್ಲಗಳು ಕೊಬ್ಬನ್ನು ಅರಗಿಸುವುದಲ್ಲದೆ ಹಾರ್ಮೋನುಗಳಂತೆ ಸೂಚನೆಗಳನ್ನೂ ಕೊಡಬಲ್ಲುವು. ಬೈಪಾಸಿನ ತರುವಾಯ ರಕ್ತದಲ್ಲಿ ಅವುಗಳ ಮಟ್ಟ ಏರುವುದು. ೨೦೧೩ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬೈಪಾಸ್ ಆದ ಇಲಿಮರಿಗಳಂಥ ಸಣ್ಣ ಮೂಷಿಕಗಳ ಕರುಳಿನ ಸೂಕ್ಷ್ಮಜೀವಿಗಳನ್ನು ಸೂಕ್ಷ್ಮಜೀವಿರಹಿತವಾಗಿ ಸಾಕಿದ ಮೂಷಿಕಗಳಿಗೆ ಸೇರಿಸಿದಾಗ, ಶಸ್ತ್ರ ತಾಕದ ಈ ಮೂಷಿಕಗಳ ತೂಕವೂ ಇಳಿಯಿತು.

ಕೊನೆಯದು ಕಣ್ಣಿಗೆ ಕಾಣುವ ಕಾರಣ, ತೂಕದ ಇಳಿಕೆ. ತಿಂಗಳುಗಳು ಕಳೆದಂತೆ ಮೈಯ ಕೊಬ್ಬು ಕರಗಿ ಸ್ನಾಯುಗಳೂ ಇನ್ಸುಲಿನ್ನಿಗೆ ಓಗೊಡುವುವು. ಯಕೃತ್ತು ದಿನಗಳಲ್ಲಿ ಎಚ್ಚತ್ತರೆ ಸ್ನಾಯುಗಳು ತಿಂಗಳುಗಳಲ್ಲಿ ಎಚ್ಚರಗೊಳ್ಳುವುವು.

ತೂಕವೋ, ಕರುಳೋ?

ಈ ಕಾರಣಗಳಲ್ಲಿ ಯಾವುದಕ್ಕೆ ಎಷ್ಟು ಪ್ರಾಧಾನ್ಯವೆಂಬ ವಿಷಯದಲ್ಲಿ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ರಾಯ್ ಟೇಲರ್ ಒಂದು ಸರಳವಾದ ಪ್ರಶ್ನೆ ಕೇಳಿದನು: ಶಸ್ತ್ರಕ್ರಿಯೆಯ ನಂತರದ ಅಲ್ಪಾಹಾರವನ್ನು ಶಸ್ತ್ರಕ್ರಿಯೆಯಿಲ್ಲದೆಯೇ ಕೊಟ್ಟರೆ ಏನಾಗುವುದು? ೨೦೧೧ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ೧೧ ಮಂದಿ ಮಧುಮೇಹಿಗಳು ೮ ವಾರಗಳ ಕಾಲ ದಿನಕ್ಕೆ ಸುಮಾರು ೬೦೦ ಕ್ಯಾಲೊರಿಯಷ್ಟೇ ಆಹಾರವನ್ನು ಸೇವಿಸಿದರು. ಮೊದಲ ವಾರದಲ್ಲಿಯೇ ಅವರ ಬರಿಹೊಟ್ಟೆಯ ಸಕ್ಕರೆ ಸಹಜಕ್ಕೆ ಇಳಿಯಿತು. ಯಕೃತ್ತಿನ ಕೊಬ್ಬು ಕರಗಿತು. ೨೦೧೭ರಲ್ಲಿ ಪ್ರಕಟವಾದ ಇದಕ್ಕಿಂತ ದೊಡ್ಡ ಪರೀಕ್ಷೆಯಲ್ಲಿ, ಪಥ್ಯದಿಂದ ೧೫ ಕಿಲೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೂಕ ಕಳೆದುಕೊಂಡವರಲ್ಲಿ ನೂರಕ್ಕೆ ೮೬ ಮಂದಿಯ ಮಧುಮೇಹ ಒಂದು ವರ್ಷದ ಹೊತ್ತಿಗೆ ಉಪಶಮನ ಹೊಂದಿದ್ದಿತು. ೨೦೨೦ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ವಿಜ್ಞಾನಿಗಳು ಪಥ್ಯದಿಂದ ತೂಕವಿಳಿಸಿದ ೧೧ ಮಂದಿಯನ್ನೂ ಬೈಪಾಸಿನಿಂದ ಅಷ್ಟೇ ತೂಕವಿಳಿಸಿದ ೧೧ ಮಂದಿಯನ್ನೂ ಹೋಲಿಸಿದರು. ಇಬ್ಬರಲ್ಲಿಯೂ ಸುಧಾರಣೆ ಸರಿಸಮನಾಗಿದ್ದಿತು.

ಹಾಗಾದರೆ ಕರುಳಿಗೆ ಪಾತ್ರವೇ ಇಲ್ಲವೆ? ಹಾಗೆ ಹೇಳುವಂತಿಲ್ಲ. ಪಥ್ಯದಿಂದ ಅಷ್ಟು ತೂಕ ಕಳೆದುಕೊಳ್ಳುವವರು ಕೆಲವರು. ಅದನ್ನು ಉಳಿಸಿಕೊಳ್ಳುವವರು ಇನ್ನೂ ಕೆಲವರು. ತೂಕ ಇಳಿದಂತೆಲ್ಲ ದೇಹವು ಹಸಿವನ್ನು ಹೆಚ್ಚಿಸಿ ಕಳೆದುದನ್ನು ಮರಳಿ ಪಡೆಯಲು ಹೆಣಗುವುದು. ಶಸ್ತ್ರಕ್ರಿಯೆಯಾದವನಲ್ಲಿ ಕರುಳಿನ ಹಾರ್ಮೋನುಗಳು ತೃಪ್ತಿಯನ್ನು ಸಾರುತ್ತಿರುವುದರಿಂದ ಈ ಹೆಣಗಾಟ ಮೆತ್ತಗಾಗುವುದು. ಆದುದರಿಂದ ತೂಕವೇ ಅಥವಾ ಕರುಳೇ ಎಂದು ಒಂದನ್ನು ಆರಿಸುವುದಕ್ಕಿಂತ, ತೂಕವನ್ನು ಇಳಿಸಿ ನಿಲ್ಲಿಸುವುದೂ ಕರುಳಿನ ಕೆಲಸವೇ ಎಂದು ತಿಳಿಯುವುದು ಯುಕ್ತವೆಂದು ನಮಗೆ ತೋರುವುದು.

ಎಷ್ಟು ಕಾಲ ನಿಲ್ಲುವುದು?

ಇಲ್ಲಿ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಬೇಕು. ಈ ಫಲವನ್ನು ವೈದ್ಯರು ‘ಗುಣ’ವೆಂದು ಕರೆಯದೆ ‘ಉಪಶಮನ’ವೆಂದು ಕರೆಯುವರು. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ೧ಸಿ ಎಂಬ ಪರೀಕ್ಷೆಯುಂಟು. ಮಧುಮೇಹದ ಔಷಧವನ್ನು ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಅದರ ಅಂಕೆ ೬.೫ಕ್ಕಿಂತ ಕಡಮೆಯಿದ್ದರೆ ಉಪಶಮನವೆಂದು ೨೦೨೧ರಲ್ಲಿ ತಜ್ಞರು ನಿಗದಿಮಾಡಿದರು.

ಸ್ವೀಡನ್ ದೇಶದಲ್ಲಿ ೧೯೮೭ರಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನದಲ್ಲಿ ಶಸ್ತ್ರಕ್ರಿಯೆಯಾದ ಮಧುಮೇಹಿಗಳ ಪೈಕಿ ೨ ವರ್ಷಗಳಲ್ಲಿ ನೂರಕ್ಕೆ ೭೨ ಮಂದಿ ಉಪಶಮನ ಪಡೆದಿದ್ದರು. ೧೫ ವರ್ಷಗಳಲ್ಲಿ ಈ ಸಂಖ್ಯೆ ೩೦ಕ್ಕೆ ಇಳಿಯಿತು. ಶಸ್ತ್ರಕ್ರಿಯೆಯಿಲ್ಲದವರಲ್ಲಿ ೧೫ ವರ್ಷಗಳಲ್ಲಿ ಅದು ನೂರಕ್ಕೆ ೭ನ್ನೂ ಮುಟ್ಟಲಿಲ್ಲ. ಇಟಲಿಯ ರೋಮ್ ನಗರದ ಪರೀಕ್ಷೆಯಲ್ಲಿ ಬೈಪಾಸಿನ ೨ ವರ್ಷಗಳ ಬಳಿಕ ನೂರಕ್ಕೆ ೭೫ ಮಂದಿಯಲ್ಲಿ ಉಪಶಮನ ಕಂಡುಬಂದರೆ, ೧೦ ವರ್ಷಗಳ ಬಳಿಕ ೨೫ ಮಂದಿಯಲ್ಲಿ ಮಾತ್ರ ಉಳಿದಿದ್ದಿತು. ರೋಗ ಮರಳುವುದು ನಿಜ. ಆದರೆ ಕಳೆದ ವರ್ಷಗಳು ವ್ಯರ್ಥವಲ್ಲ. ಕಣ್ಣು, ಮೂತ್ರಪಿಂಡ, ನರಗಳಿಗೆ ಮಧುಮೇಹದಿಂದ ಬರುವ ಹಾನಿ ಸ್ವೀಡನ್ನಿನ ಅಧ್ಯಯನದಲ್ಲಿ ಶಸ್ತ್ರಕ್ರಿಯೆಯಾದವರಿಗೆ ಸುಮಾರು ಅರ್ಧದಷ್ಟೇ ಇದ್ದಿತು.

ಯಾರಿಗೆ ಹೆಚ್ಚು ಫಲ? ರೋಗ ಬಂದು ಹೆಚ್ಚು ವರ್ಷಗಳಾಗದವರಿಗೆ, ಇನ್ಸುಲಿನ್ ಚುಚ್ಚುಮದ್ದನ್ನು ಇನ್ನೂ ಆಶ್ರಯಿಸದವರಿಗೆ. ಮೇದೋಜೀರಕದಲ್ಲಿ ಕಸುವು ಉಳಿದಿದ್ದರೆ ತಾನೆ ಕರುಳಿನ ಕೂಗಿಗೆ ಅದು ಓಗೊಡುವುದು? ಅದೇ ಕಾರಣದಿಂದ ಮೊದಲನೆಯ ಬಗೆಯ ಮಧುಮೇಹಕ್ಕೆ ಈ ಶಸ್ತ್ರಕ್ರಿಯೆಯಿಂದ ಉಪಶಮನ ದೊರೆಯದು.

ತೆರಬೇಕಾದ ಬೆಲೆ

ಶಸ್ತ್ರಕ್ರಿಯೆಯೆಂದ ಮೇಲೆ ಅಪಾಯವಿಲ್ಲದಿಲ್ಲ. ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ೪,೭೭೬ ಮಂದಿಯನ್ನು ಅನುಸರಿಸಿ ೨೦೦೯ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮೊದಲ ೩೦ ದಿನಗಳಲ್ಲಿ ಸಾವಿರಕ್ಕೆ ೩ ಮಂದಿ ಮರಣ ಹೊಂದಿದ್ದರು. ಜೋಡಣೆ ಸೋರುವುದು, ರಕ್ತಸ್ರಾವ, ರಕ್ತ ಹೆಪ್ಪುಗಟ್ಟುವುದು ಮುಖ್ಯ ಅಪಾಯಗಳು. ಮುಂದೆ ಜೀವನಪರ್ಯಂತ ಕಬ್ಬಿಣ, ಕ್ಯಾಲ್ಸಿಯಂ, ಬಿ೧೨ ಮತ್ತು ಡಿ ಜೀವಸತ್ತ್ವಗಳ ಕೊರತೆ ಬಾರದಂತೆ ಔಷಧ ಸೇವಿಸಬೇಕು. ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ಎಡೆಬಿಡದ ವಾಂತಿಯಿದ್ದರೆ ಬಿ೧ ಜೀವಸತ್ತ್ವ ಬರಿದಾಗಿ ನರಗಳಿಗೆ ಧಕ್ಕೆ ತಗಲುವುದುಂಟು. ಮದ್ಯವು ಬೇಗನೆ ರಕ್ತಕ್ಕೇರುವುದರಿಂದ ಅದರ ಅಪಾಯವೂ ಹೆಚ್ಚು.

ಇನ್ನೊಂದು ತೊಂದರೆ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. ಬೈಪಾಸ್ ಆದ ಕೆಲವರಲ್ಲಿ, ವಿಶೇಷವಾಗಿ ಸಿಹಿಯನ್ನೋ ಪಿಷ್ಟವನ್ನೋ ಹೆಚ್ಚಾಗಿ ತಿಂದಾಗ, ಒಂದರಿಂದ ಮೂರು ಗಂಟೆಗಳ ಬಳಿಕ ರಕ್ತದ ಸಕ್ಕರೆ ಅತಿಯಾಗಿ ಕುಸಿಯುವುದು. ಮೈ ಬೆವರಿ, ನಡುಗಿ, ಕಣ್ಣು ಕತ್ತಲಿಟ್ಟು, ಒಮ್ಮೊಮ್ಮೆ ಎಚ್ಚರ ತಪ್ಪುವುದೂ ಉಂಟು. ಇಂಥ ರೋಗಿಯೊಬ್ಬರಿಗೆ ವೈದ್ಯರು ಆಹಾರವನ್ನು ಬಾಯಿಂದ ಕೊಡದೆ, ಹೊರಗುಳಿದಿದ್ದ ಹಳೆ ಜಠರದೊಳಕ್ಕೆ ನಳಿಕೆಯ ಮೂಲಕ ಕೊಟ್ಟರು. ಅಂದರೆ ಅನ್ನವನ್ನು ಮತ್ತೆ ಹಳೆಯ ದಾರಿಯಲ್ಲಿ ನಡೆಸಿದರು. ಕುಸಿತ ನಿಂತಿತು. ಅದೇ ದೇಹ, ಅದೇ ಆಹಾರ. ದಾರಿ ಮಾತ್ರ ಬೇರೆ. ಸಕ್ಕರೆಯ ಮೇಲೆ ಕರುಳಿನ ಅಧಿಕಾರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ದೊರೆಯುವುದು ಕಷ್ಟ.

ನಮ್ಮವರ ಮೈಕಟ್ಟು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ೧೦ ಕೋಟಿಗೂ ಮೇಲ್ಪಟ್ಟು ಮಧುಮೇಹಿಗಳಿದ್ದಾರೆ. ಇವರಲ್ಲಿ ಅನೇಕರು ನೋಡುವುದಕ್ಕೆ ದಪ್ಪಗಿಲ್ಲ. ಇದರ ಕಾರಣವನ್ನು ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯಡ್ಕಿನ್ ೨೦೦೪ರಲ್ಲಿ ತಮ್ಮನ್ನೇ ಉದಾಹರಣೆಯಾಗಿಟ್ಟು ಸೊಗಸಾಗಿ ತೋರಿಸಿದರು. ಕಿಲೋಗ್ರಾಮಿನ ತೂಕವನ್ನು ಮೀಟರಿನ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ದೇಹರಾಶಿ ಸೂಚ್ಯಂಕವು ಇಬ್ಬರಿಗೂ ೨೨.೩ ಇದ್ದಿತು. ಆದರೆ ಯಡ್ಕಿನ್ ಅವರ ದೇಹದಲ್ಲಿ ಕೊಬ್ಬು ನೂರಕ್ಕೆ ೯.೧ ಭಾಗವಿದ್ದರೆ ಯಾಜ್ಞಿಕ್ ಅವರ ದೇಹದಲ್ಲಿ ೨೧.೨ ಭಾಗವಿದ್ದಿತು! ನಮ್ಮವರ ಕೊಬ್ಬು ಕೈಕಾಲುಗಳಿಗಿಂತ ಹೊಟ್ಟೆಯೊಳಗೆ ಸೇರುವುದು ಹೆಚ್ಚು.

ಈ ಕಾರಣದಿಂದ ಶಸ್ತ್ರಕ್ರಿಯೆಯ ಅರ್ಹತೆಯ ಮಟ್ಟವನ್ನು ಏಷ್ಯದವರಿಗೆ ಕೆಳಗಿಡಲಾಗಿದೆ. ೨೦೨೨ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಶಸ್ತ್ರವೈದ್ಯ ಸಂಘಗಳು ಮಧುಮೇಹಿಗಳಿಗೆ ಸೂಚ್ಯಂಕ ೩೦ ಇದ್ದರೆ ಈ ಚಿಕಿತ್ಸೆಯನ್ನು ಸೂಚಿಸಬಹುದೆಂದೂ, ಏಷ್ಯದವರಿಗೆ ೨೭.೫ರಿಂದಲೇ ಅವಕಾಶವಿರಬೇಕೆಂದೂ ಹೇಳಿದುವು. ೧೬೦ ಸೆಂಟಿಮೀಟರ್ ಎತ್ತರದವರಿಗೆ ಇದು ಸುಮಾರು ೭೦ ಕಿಲೋಗ್ರಾಂ ತೂಕ. ಆದರೆ ಸೂಚ್ಯಂಕವಿದ್ದ ಮಾತ್ರಕ್ಕೆ ಎಲ್ಲರೂ ಶಸ್ತ್ರಕ್ರಿಯೆಗೆ ಒಳಗಾಗಬೇಕೆಂದಲ್ಲ. ಹತ್ತು ಕೋಟಿ ಜನರನ್ನು ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿಸುವುದು ಯಾವ ದೇಶಕ್ಕೂ ಸಾಧ್ಯವಿಲ್ಲ, ಅವಶ್ಯಕವೂ ಅಲ್ಲ.

ಕತ್ತಿ ಕಲಿಸಿದ ಪಾಠ

ಈ ಶಸ್ತ್ರಕ್ರಿಯೆಯಿಂದ ನಿಜವಾಗಿ ಲಾಭ ಪಡೆದವರು ಅದನ್ನು ಮಾಡಿಸಿಕೊಂಡವರಷ್ಟೇ ಅಲ್ಲ. ಅದು ಕಲಿಸಿದ ಪಾಠ ಎಲ್ಲ ಮಧುಮೇಹಿಗಳಿಗೂ ಸೇರಿದುದು. ದೇಹದಲ್ಲಿ ಹುಟ್ಟುವ ಜಿಎಲ್‌ಪಿ-೧ ರಕ್ತದಲ್ಲಿ ಒಂದೆರಡು ನಿಮಿಷಗಳಲ್ಲಿಯೇ ಅಳಿದುಹೋಗುವುದು. ಅಮೆರಿಕದ ಮರುಭೂಮಿಯ ಗಿಲಾ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಅದನ್ನು ಹೋಲುವ, ಆದರೆ ಹೆಚ್ಚು ಹೊತ್ತು ಬಾಳುವ ವಸ್ತುವೊಂದು ದೊರೆಯಿತು. ಅದರ ಆಧಾರದಿಂದ ತಯಾರಾದ ಔಷಧಕ್ಕೆ ಅಮೆರಿಕದಲ್ಲಿ ೨೦೦೫ರಲ್ಲಿ ಒಪ್ಪಿಗೆ ದೊರೆಯಿತು. ಅಲ್ಲಿಂದೀಚೆಗೆ ವಾರಕ್ಕೊಮ್ಮೆ ಚುಚ್ಚಿಕೊಂಡರೆ ಸಾಕಾಗುವ ಸೆಮಾಗ್ಲುಟೈಡ್ ಮೊದಲಾದ ಔಷಧಗಳು ಬಂದಿವೆ. ಶಸ್ತ್ರಕ್ರಿಯೆಯಿಂದ ಕರುಳು ಕೂಗಿ ಹೇಳುವ ಮಾತನ್ನು ಇವು ಶಸ್ತ್ರವಿಲ್ಲದೆಯೇ ಅನುಕರಿಸುವುವು. ಇವುಗಳಿಗೂ ತಮ್ಮದೇ ಆದ ದುಷ್ಪರಿಣಾಮಗಳಿವೆ. ನಿಲ್ಲಿಸಿದರೆ ತೂಕ ಮರಳುವುದು ಸಾಮಾನ್ಯ.

ಶಸ್ತ್ರಕ್ರಿಯೆ, ಔಷಧ, ಪಥ್ಯ, ಈ ಮೂರು ದಾರಿಗಳೂ ಒಂದೇ ಸಂಗತಿಯನ್ನು ಸಾರುವುವು. ಎರಡನೆಯ ಬಗೆಯ ಮಧುಮೇಹವು ಕಲ್ಲಿನಲ್ಲಿ ಕೊರೆದ ಬರೆಹವಲ್ಲ. ವಿಶೇಷವಾಗಿ ಆರಂಭದ ವರ್ಷಗಳಲ್ಲಿ ಅದನ್ನು ಹಿಂದಕ್ಕೆ ಸರಿಸಬಹುದು. ಆ ವರ್ಷಗಳಲ್ಲಿ ಮೇದೋಜೀರಕವು ದಣಿದಿರುವುದೇ ಹೊರತು ಸತ್ತಿರುವುದಿಲ್ಲ. ಆದುದರಿಂದ ರೋಗ ಪತ್ತೆಯಾದೊಡನೆ ‘ಇನ್ನು ಇದ್ದದ್ದೇ’ ಎಂದು ಕೈಚೆಲ್ಲಿ ಕೂರುವುದು ಸಲ್ಲದು. ತನ್ನ ಮೈಗೆ ತಕ್ಕ ದಾರಿ ಯಾವುದೆಂದು ಬಲ್ಲ ವೈದ್ಯರೊಡನೆ ಆಗಲೇ ವಿಚಾರಿಸುವುದು ವಿವೇಕ. ಹತ್ತು ವರ್ಷ ಕಾದು ಕೇಳಿದರೆ ಉತ್ತರ ಬೇರೆಯೇ ಆಗಿರಬಹುದು.